ಮನೆಗಾಡಿಗೆ ಏರಿಯಲ್ ಕಟ್ಟುವ ಬಗೆ



ಎಂಟನೆಯ ಇಯತ್ತೆಯಲ್ಲಿ ವಿಜ್ಞಾನದ ಪಾಠ ನಡೆದಿದ್ದಾಗ ಒಬ್ಬ ವಿದ್ಯಾರ್ಥಿಯು ಎದ್ದು ನಿಂತು ಎರಡು ಪ್ರಶ್ನೆಗಳನ್ನು ಕೇಳಿದನು. ಅವನ ಸೋದರಮಾವನು ಅಮೇರಿಕದಲ್ಲಿ ನೌಕರಿಯಲ್ಲಿರುವನು. ರಜೆಯಲ್ಲಿ ಹೆಂಡತಿ ಮಕ್ಕಳೊಡನೆ ಒಂದು ಮನೆಗಾಡಿಯನ್ನು ಬಾಡಿಗೆಗೆ ಹಿಡಿದು ಊರೂರು ಸುತ್ತಿ, ಅದರ ಚಿತ್ರವನ್ನು ಮನೆಗೆ ಕಳುಹಿಸಿದ್ದನು. ಮಂಚ, ಒಲೆ, ನೀರಿನ ಟಾಕಿ, ಸ್ನಾನದ ಕೋಣೆ ಎಲ್ಲವೂ ಒಳಗೇ ಇರುವ ಬಸ್ಸಿನಂಥ ಗಾಡಿ ಅದು. ಅದರ ಹಿಂಬದಿಯ ಏಣಿಗೆ ಆಳೆತ್ತರದ ಒಂದು ಸಪೂರ ಕಂಬಿಯನ್ನು ಬಿಗಿದಿದ್ದರು. “ಗುರುಗಳೇ, ಆ ಕಂಬಿ ಯಾತಕ್ಕೆ? ಎತ್ತರ ಬೇಕಾಗಿದ್ದರೆ ಛಾವಣಿಯ ನಟ್ಟನಡುವೆ ನಿಲ್ಲಿಸದೆ ಏಣಿಗೇಕೆ ಕಟ್ಟಿದ್ದಾರೆ?” ಎಂಬುದು ಅವನ ಪ್ರಶ್ನೆ.

ಮೊದಲನೆಯದಕ್ಕೆ ಅಂದೇ ಉತ್ತರ ಹೇಳಿದೆವು. ಎರಡನೆಯದಕ್ಕೆ ಗಂಟೆ ಸಾಲಲಿಲ್ಲ. ವಿಚಾರ ಮಾಡಿದರೆ ಆ ಎರಡನೆಯ ಪ್ರಶ್ನೆಯಲ್ಲಿಯೇ ರೇಡಿಯೋ ಶಾಸ್ತ್ರದ ತಿರುಳೆಲ್ಲ ಅಡಗಿದೆ. ಆದುದರಿಂದ ಆ ಉತ್ತರವನ್ನು ಈ ವಾರ್ಷಿಕ ಸಂಚಿಕೆಯಲ್ಲಿ ಎಲ್ಲರಿಗೂ ತಿಳಿಯುವಂತೆ ಬರೆಯಲು ಮನಸ್ಸು ಮಾಡಿದ್ದೇವೆ. ನಮ್ಮ ರಾಜ್ಯ ಸರಕಾರವೂ 2021ರಲ್ಲಿ ಕಾರವಾನ್ ಪ್ರವಾಸದ ಧೋರಣೆಯನ್ನು ಅಂಗೀಕರಿಸಿರುವುದರಿಂದ ಇಂಥ ಮನೆಗಾಡಿಗಳು ನಮ್ಮ ಸೀಮೆಗೂ ತೀರ ಹೊಸವಾಗಿ ಉಳಿಯಲಾರವು.

ಆ ಕಂಬಿ ಯಾತಕ್ಕೆ?

ಅದು ರೇಡಿಯೋದ ಆಂಟೆನಾ. ನಮ್ಮ ಹಿರಿಯರ ಮಾತಿನಲ್ಲಿ ಏರಿಯಲ್. ಅಮೇರಿಕದಲ್ಲಿ ಸಾಮಾನ್ಯ ನಾಗರಿಕರು ತಮ್ಮತಮ್ಮಲ್ಲಿ ಮಾತನಾಡಿಕೊಳ್ಳಲೆಂದು 1958ರಲ್ಲಿ 27 ಮೆಗಾಹರ್ಟ್ಸ್ ಸುಮಾರಿನ ಒಂದು ಪಟ್ಟಿಯನ್ನು ಬಿಟ್ಟುಕೊಟ್ಟರು. ಅದಕ್ಕೆ ಸಿಟಿಜನ್ಸ್ ಬ್ಯಾಂಡ್, ಚಿಕ್ಕದಾಗಿ ಸಿ.ಬಿ. ಎಂದು ಹೆಸರು. ಮೊದಲು 23 ಚಾನಲ್ಲುಗಳಿದ್ದವು. 1977ರಲ್ಲಿ ಅವು 40 ಆದವು. 1973ರ ತೈಲದ ಅಭಾವದ ಕಾಲದಲ್ಲಿ ಯಾವ ಪಂಪಿನಲ್ಲಿ ಡೀಸೆಲ್ ಸಿಗುತ್ತದೆಂದು ಲಾರಿಯವರು ಒಬ್ಬರಿಗೊಬ್ಬರು ಇದರ ಮೂಲಕವೇ ತಿಳಿಸುತ್ತಿದ್ದರು. ಇಂದಿಗೂ 9ನೆಯ ಚಾನಲ್ಲು ಆಪತ್ಕಾಲಕ್ಕೆ ಮೀಸಲು. 19ನೆಯದರಲ್ಲಿ ಹೆದ್ದಾರಿಯ ಲಾರಿಯವರ ಮಾತು ನಡೆಯುತ್ತದೆ.

ಈ ಯಂತ್ರದ ಶಕ್ತಿ ಬಹಳ ಅಲ್ಪ. ಅಲ್ಲಿಯ ಕಾಯಿದೆಯಂತೆ ಸಾಮಾನ್ಯ ರೀತಿಯ ಪ್ರಸಾರಕ್ಕೆ 4 ವ್ಯಾಟ್ ಮಾತ್ರ. ಮೈಸೂರಿನಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿ ‘ಆಕಾಶವಾಣಿ’ಯನ್ನು ಆರಂಭಿಸಿದಾಗ ಅವರ ಯಂತ್ರದ ಶಕ್ತಿ 30 ವ್ಯಾಟ್ ಇತ್ತು. ಸಿ.ಬಿ.ಯ ಶಕ್ತಿ ಅದರ ಏಳನೆಯ ಒಂದು ಪಾಲೂ ಅಲ್ಲ. ಇಷ್ಟು ಸಣ್ಣ ಶಕ್ತಿಯನ್ನು ಕೆಲವು ಮೈಲು ದೂರ ಮುಟ್ಟಿಸಬೇಕಾದರೆ ಅದನ್ನು ಪೋಲಾಗದಂತೆ ಹೊರಕ್ಕೆ ಬಿಡಬೇಕು. ಆ ಕೆಲಸವು ಏರಿಯಲ್ಲಿನದು. ಯಂತ್ರ ಎಷ್ಟೇ ಬೆಲೆಯದಿರಲಿ, ಏರಿಯಲ್ ಸರಿಯಾಗಿಲ್ಲದಿದ್ದರೆ ಅದು ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೂಗಿದಂತೆಯೇ ಸರಿ.

ಕಂಬಿಯ ಉದ್ದವನ್ನು ನಿಶ್ಚಯಿಸುವವರು ಯಾರು?

ನಾಗರ ಪಂಚಮಿಯ ಜೋಕಾಲಿಯನ್ನು ನೆನೆಯಿರಿ. ಪ್ರತಿಯೊಂದು ಜೋಕಾಲಿಗೂ ತನ್ನದೇ ಆದ ಒಂದು ಲಯವಿದೆ. ಆ ಲಯವು ಹಗ್ಗದ ಉದ್ದದಿಂದ ನಿಶ್ಚಿತವಾಗುತ್ತದೆ. ಲಯಕ್ಕೆ ಸರಿಯಾಗಿ ನೂಕಿದರೆ ಚಿಕ್ಕ ಹುಡುಗಿಯೂ ದೊಡ್ಡವರನ್ನು ಮುಗಿಲಿಗೆ ತೂಗಬಲ್ಲಳು. ಲಯ ತಪ್ಪಿ ನೂಕಿದರೆ ಪೈಲವಾನನ ಶ್ರಮವೂ ವ್ಯರ್ಥ. ಏರಿಯಲ್ಲಿಗೂ ಹೀಗೆಯೇ. ವಿದ್ಯುತ್ತು ಅದರೊಳಗೆ ಮೇಲಕ್ಕೂ ಕೆಳಕ್ಕೂ ತೂಗಾಡುತ್ತದೆ. ಕಂಬಿಯ ಉದ್ದವು ಅಲೆಯ ಉದ್ದಕ್ಕೆ ಹೊಂದಿದ್ದರೆ ಸ್ವಲ್ಪ ಶಕ್ತಿಯಿಂದಲೇ ದೊಡ್ಡ ತೂಗಾಟ ಉಂಟಾಗುತ್ತದೆ.

ಲೆಕ್ಕ ಸುಲಭವಾಗಿದೆ. ರೇಡಿಯೋದ ಅಲೆಯು ಸೆಕೆಂಡಿಗೆ 30 ಕೋಟಿ ಮೀಟರ್ ಓಡುತ್ತದೆ. 27 ಮೆಗಾಹರ್ಟ್ಸ್ ಎಂದರೆ ಸೆಕೆಂಡಿಗೆ 2 ಕೋಟಿ 70 ಲಕ್ಷ ಕಂಪನಗಳು. ಭಾಗಿಸಿದರೆ ಒಂದು ಅಲೆಯ ಉದ್ದ ಸುಮಾರು 11 ಮೀಟರ್ ಬರುತ್ತದೆ. ಅದರ ಕಾಲುಭಾಗ, ಎಂದರೆ ಸುಮಾರು ಎರಡೂ ಮುಕ್ಕಾಲು ಮೀಟರ್, ಅಥವಾ 9 ಅಡಿ, ಈ ಕಂಬಿಗೆ ಯೋಗ್ಯವಾದ ಉದ್ದ.

ಕಾಲುಭಾಗ ಮಾತ್ರ ಏಕೆ ಸಾಕು? ಸ್ವತಂತ್ರವಾಗಿ ನಿಲ್ಲುವ ಏರಿಯಲ್ಲಿಗೆ ಅಲೆಯ ಅರ್ಧದಷ್ಟು ಉದ್ದ ಬೇಕು; ಕಾಲುಭಾಗ ಮೇಲೆ, ಕಾಲುಭಾಗ ಕೆಳಗೆ. ಗಾಡಿಯ ಮೇಲೆ ಮೇಲಿನ ಕಾಲುಭಾಗವನ್ನು ಮಾತ್ರ ನಿಲ್ಲಿಸಿ, ಕೆಳಗಿನ ಕಾಲುಭಾಗದ ಕೆಲಸವನ್ನು ಗಾಡಿಯ ಲೋಹದ ಮೈಗೆ ಒಪ್ಪಿಸುತ್ತೇವೆ. ಕಣ್ಣಿಗೆ ಕಾಣುವ ಕಂಬಿಯು ಏರಿಯಲ್ಲಿನ ಅರ್ಧ. ಅದು ನಿಂತ ಲೋಹವು ಇನ್ನರ್ಧ. ಈ ಮಾತನ್ನು ಗಟ್ಟಿಯಾಗಿ ನೆನಪಿನಲ್ಲಿಡತಕ್ಕದ್ದು.

ಅಜ್ಜನ ರೇಡಿಯೋ ಕಲಿಸಿದ ಪಾಠ

ಇದನ್ನು ನಾವು ಪುಸ್ತಕದಿಂದ ಕಲಿಯುವ ಮೊದಲು ನಮ್ಮ ಅಜ್ಜನಿಂದ ಕಲಿತೆವು. ಅವರಲ್ಲಿ ಒಂದು ಹಳೆಯ ವಾಲ್ವಿನ ರೇಡಿಯೋ ಇತ್ತು. ಅದರ ಬೆನ್ನಿಗೆ ಎರಡು ತೂತುಗಳು. ಒಂದು ಏರಿಯಲ್ಲಿಗೆ, ಇನ್ನೊಂದು ಅರ್ಥಿಂಗಿಗೆ. ಗುಲ್ಬರ್ಗಾ, ಎಂದರೆ ಇಂದಿನ ಕಲಬುರಗಿಯ ಆಕಾಶವಾಣಿ ಕೇಂದ್ರವು 1966ರಲ್ಲಿ ಆರಂಭವಾಗಿತ್ತು. ಗಡಿಯ ಈಚೆಗಿದ್ದ ನಮಗೆ ಕನ್ನಡದ ವಾರ್ತೆ, ಕನ್ನಡದ ಪದಗಳು ಆ ಪೆಟ್ಟಿಗೆಯಿಂದಲೇ ಬರಬೇಕಾಗಿತ್ತು. ಬೇಸಿಗೆಯಲ್ಲಿ ಧ್ವನಿ ಕ್ಷೀಣಿಸಿ ಗರಗರ ಹೆಚ್ಚಾಯಿತು. ನಾವು ಮಾಳಿಗೆ ಏರಿ ಏರಿಯಲ್ಲಿನ ತಂತಿಯನ್ನು ಇನ್ನೂ ಉದ್ದ ಮಾಡಿದೆವು. ಏನೂ ಪ್ರಯೋಜನವಾಗಲಿಲ್ಲ. ಅಜ್ಜನವರು ನಕ್ಕು, ಒಂದು ಚರಿಗೆ ನೀರನ್ನು ತಂದು, ಗೋಡೆಯ ಬುಡದಲ್ಲಿ ಅರ್ಥಿಂಗಿನ ಸಲಾಕೆ ಹುಗಿದಲ್ಲಿ ಸುರಿದರು. ಒಣಗಿದ ಎರೆಮಣ್ಣು ನೀರು ಕುಡಿಯುತ್ತಲೇ ಮಾತು ತಿಳಿಯಾಯಿತು. “ನೀವು ಮ್ಯಾಲಿಂದು ನೋಡಿದ್ರಿ, ತಳದ್ದು ನೋಡಲಿಲ್ಲ” ಎಂದರು.

ಮನೆಗಾಡಿಯ ಕಷ್ಟವೂ ಇದೇ. ನಮ್ಮ ಬಸ್ಸು, ಜೀಪುಗಳ ಮೈ ಉಕ್ಕಿನ ತಗಡಿನದು. ಅದರ ಛಾವಣಿಯ ನಡುವೆ ಕಂಬಿ ನಿಲ್ಲಿಸಿದರೆ ಸುತ್ತಲೂ ಲೋಹವಿದ್ದು ಎಲ್ಲ ದಿಕ್ಕಿಗೂ ಸಮನಾಗಿ ಧ್ವನಿ ಹೋಗುತ್ತದೆ. ಆದರೆ ಬಹಳ ಮನೆಗಾಡಿಗಳ ಛಾವಣಿಯು ಹಗುರಾಗಿರಲೆಂದು ಫೈಬರ್ ಗ್ಲಾಸಿನದೋ ಹಲಗೆಯ ಮೇಲೆ ಹಾಸಿದ ರಬ್ಬರಿನದೋ ಆಗಿರುತ್ತದೆ. ಅಲ್ಲಿ ಕಂಬಿ ನಿಲ್ಲಿಸುವುದೆಂದರೆ ಒಣ ಮಣ್ಣಿನಲ್ಲಿ ಸಲಾಕೆ ಹುಗಿದಂತೆ. ಆದುದರಿಂದಲೇ ಸ್ಥಳವನ್ನು ಏಣಿಯ ಕಡೆ ಹುಡುಕಬೇಕಾಗುತ್ತದೆ. ನಮ್ಮ ವಿದ್ಯಾರ್ಥಿಯ ಎರಡನೆಯ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿಗೆ ಸಿಕ್ಕಿತು. ಉಳಿದರ್ಧ ಮುಂದೆ ಬರುತ್ತದೆ.

ಕಂಬಿಯ ಆಯ್ಕೆ

ಮೂರು ಬಗೆಯ ಕಂಬಿಗಳು ದೊರೆಯುತ್ತವೆ.

ಮೊದಲನೆಯದು ಸುಮಾರು 9 ಅಡಿಯ ಉಕ್ಕಿನ ಚಾವಟಿ. ಅದು ಎಲ್ಲಕ್ಕೂ ಒಳ್ಳೆಯದು. ಆದರೆ 3 ಮೀಟರ್ ಎತ್ತರದ ಗಾಡಿಯ ನೆತ್ತಿಗೆ ಅದನ್ನು ನಿಲ್ಲಿಸಿದರೆ ತುದಿಯು ಎರಡಂತಸ್ತಿನ ಮನೆಯ ಎತ್ತರಕ್ಕೆ ಹೋಗುತ್ತದೆ. ಓಡುವ ಗಾಡಿಗೆ ಅದು ಒಗ್ಗುವುದಿಲ್ಲ.

ಎರಡನೆಯದು 3ರಿಂದ 5 ಅಡಿಯ ಗಿಡ್ಡ ಕಂಬಿ. ಕಡಿಮೆಯಾದ ಉದ್ದವನ್ನು ತಂತಿಯ ಸುರುಳಿಯಿಂದ ತುಂಬಿಸಿರುತ್ತಾರೆ. ಸುರುಳಿಯು ಕಂಬಿಯ ಬುಡದಲ್ಲಿ, ನಡುವೆ ಇಲ್ಲವೆ ತುದಿಯ ಕಡೆ ಇರಬಹುದು. ಛಾವಣಿಯ ಅಂಚಿಗಿಂತ ಕೆಳಗೆ ಕಟ್ಟಬೇಕಾದಾಗ ಸುರುಳಿ ಮೇಲಿರುವ ಕಂಬಿಯೇ ಲೇಸು. ಹೆಚ್ಚು ಕೆಲಸ ಮಾಡುವ ಭಾಗವು ಗಾಡಿಯ ಮರೆಯಿಂದ ಹೊರಗೆ ಉಳಿಯುತ್ತದೆ. ಗಿಡ್ಡ ಮಾಡಿದಷ್ಟೂ ಶಕ್ತಿ ನಷ್ಟವಾಗುತ್ತದೆ. ಆದುದರಿಂದ ಗಾಡಿಯ ಎತ್ತರವು ಅನುಮತಿ ಕೊಡುವಷ್ಟು ಉದ್ದವಾದದ್ದನ್ನೇ ಆರಿಸತಕ್ಕದ್ದು.

ಮೂರನೆಯದು ಗಾಡಿಯ ಲೋಹವನ್ನು ನೆಚ್ಚದ ಕಂಬಿ. ತಳದ ಅರ್ಧದ ಕೆಲಸವನ್ನು ಅದರ ಜೊತೆಗೇ ಬರುವ ಕೇಬಲ್ಲು ಮಾಡುತ್ತದೆ. ಮೈಯೆಲ್ಲ ಫೈಬರ್ ಗ್ಲಾಸಿನದೇ ಆದ ಗಾಡಿಗೆ ಇದು ತಕ್ಕುದು. ಆದರೆ ಆ ಕೇಬಲ್ಲಿನ ಉದ್ದವನ್ನು ಲೆಕ್ಕ ಹಾಕಿಯೇ ಕತ್ತರಿಸಿರುತ್ತಾರೆ. ಹೆಚ್ಚಾಯಿತೆಂದು ಅದನ್ನು ಕಡಿಯಬಾರದು. ಸಾಮಾನ್ಯ ಕಂಬಿಗೆ ಅದನ್ನು ಜೋಡಿಸಲೂಬಾರದು.

ಅಯಸ್ಕಾಂತದ ಬುಡವುಳ್ಳ ಕಂಬಿಯನ್ನು ಕೊಳ್ಳುವ ಮೊದಲು ಒಂದು ಸಣ್ಣ ಅಯಸ್ಕಾಂತವನ್ನು ಗಾಡಿಯ ಛಾವಣಿಗೆ ಹಚ್ಚಿ ನೋಡಬೇಕು. ಅದು ಫೈಬರ್ ಗ್ಲಾಸಿಗಾಗಲಿ ಅಲ್ಯುಮಿನಿಯಮ್ಮಿಗಾಗಲಿ ಹಿಡಿಯುವುದಿಲ್ಲ. ಇದು ನಾಲ್ಕನೆಯ ಇಯತ್ತೆಯ ಪಾಠವಾದರೂ ಮರೆತು ಹಣ ಕಳೆದುಕೊಳ್ಳುವವರು ಉಂಟು.

ಸ್ಥಳದ ಆಯ್ಕೆ

ಮನೆಗಾಡಿಯ ಛಾವಣಿಯ ಮೇಲೆ ಹವಾನಿಯಂತ್ರಣದ ಯಂತ್ರ, ಸೌರ ಫಲಕಗಳು, ಗಾಳಿಯ ಕಿಂಡಿಗಳು ಮೊದಲೇ ಕುಳಿತಿರುತ್ತವೆ. ಅವುಗಳ ನಡುವೆ ತೂತು ಕೊರೆದರೆ ಮಳೆಗಾಲದಲ್ಲಿ ಸೋರುವ ಭಯವೂ ಸೇರುತ್ತದೆ. ಹೀಗಿರಲು ಹಿಂದಿನ ಏಣಿ ಇಲ್ಲವೆ ಮುಂದಿನ ಕನ್ನಡಿಯ ತೋಳು, ಇವೆರಡೇ ಅನುಕೂಲದ ಸ್ಥಳಗಳು. ವಿದ್ಯಾರ್ಥಿಯ ಪ್ರಶ್ನೆಯ ಉಳಿದರ್ಧ ಉತ್ತರ ಇದು. ಅಲ್ಲಿ ಕೊರೆಯಬೇಕಾಗಿಲ್ಲ, ಬುಡವು ಕೈಗೆಟಕುತ್ತದೆ, ಬೇಡವಾದಾಗ ಕಂಬಿಯನ್ನು ಮಡಿಸಿಡಬಹುದು.

ಮೂಲೆಯಲ್ಲಿ ಕಟ್ಟಿದ ಕಂಬಿಗೆ ಒಂದು ಸ್ವಭಾವವಿದೆ. ಲೋಹವು ಯಾವ ಕಡೆಗೆ ಹೆಚ್ಚು ಹರಡಿದೆಯೋ ಆ ಕಡೆಗೆ ಧ್ವನಿ ಹೆಚ್ಚು ಹೋಗುತ್ತದೆ. ಹಿಂದಿನ ಎಡಮೂಲೆಯಲ್ಲಿ ಕಟ್ಟಿದರೆ ಮುಂದಿನ ಬಲದಿಕ್ಕಿಗೆ ಚೆನ್ನಾಗಿ ಮುಟ್ಟುತ್ತದೆ.

ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ ಇನ್ನು ಮುಂದಿನದು. ಪಾಲಕರು ಇದನ್ನು ಮಕ್ಕಳಿಗೆ ಎರಡು ಸಾರೆ ಓದಿ ಹೇಳಬೇಕೆಂದು ಪ್ರಾರ್ಥನೆ. ನಮ್ಮ ಹೊಲಗಳ ಮೇಲೆ ಹಾಯ್ದಿರುವ 11,000 ವೋಲ್ಟಿನ ತಂತಿಗಳು ಕೆಲವೆಡೆ ಜೋತು ಬಿದ್ದಿರುತ್ತವೆ. ರೈಲಿನ ವಿದ್ಯುತ್ ಮಾರ್ಗದ ಮೇಲಿನ ತಂತಿಯಲ್ಲಿ 25,000 ವೋಲ್ಟ್ ಇರುತ್ತದೆ. ರೈಲಿನ ಫಾಟಕದ ಎರಡೂ ಬದಿಗೆ ಅಡ್ಡಕಂಬ ಕಟ್ಟಿರುವುದು ಅದಕ್ಕಿಂತ ಎತ್ತರದ ವಾಹನ ಒಳಗೆ ಬರಬಾರದೆಂದೇ. ಲೋಹದ ಕಂಬಿಯ ತುದಿ ಇಂಥ ತಂತಿಯ ಸಮೀಪಕ್ಕೆ ಹೋದರೂ ಸಾಕು. ಮುಟ್ಟುವ ಮೊದಲೇ ಕಿಡಿ ಹಾರಬಲ್ಲದು. ಏರಿಯಲ್ ನಿಲ್ಲಿಸುವ ಮೊದಲು ತಲೆಯೆತ್ತಿ ನೋಡಬೇಕು. ಗಾಡಿಯ ಎತ್ತರ ಮತ್ತು ಕಂಬಿಯ ಉದ್ದವನ್ನು ಕೂಡಿಸಿ, ಬಂದ ಮೊತ್ತವನ್ನು ಚಾಲಕನ ಕಣ್ಣೆದುರಿಗೆ ಬರೆದು ಅಂಟಿಸಬೇಕು. ಬುಡಕ್ಕೆ ಒಂದು ಸ್ಪ್ರಿಂಗ್ ಇಲ್ಲವೆ ಮಡಿಸುವ ಕೀಲು ಇರಲೇಬೇಕು. ಬೇವು, ಹುಣಿಸೆಗಳ ಕೊಂಬೆ ತಾಗಿದರೆ ಕಂಬಿಯು ಬಾಗುವುದೇ ಹೊರತು ಮುರಿಯುವುದಿಲ್ಲ. ಗುಡುಗು ಸಿಡಿಲಿನ ಹೊತ್ತಿನಲ್ಲಿ ಅದನ್ನು ಮುಟ್ಟಲಾಗದು. ಈ ಮಾತು ಮನೆಗಾಡಿಗೆ ಮಾತ್ರವಲ್ಲ. ಕಬ್ಬು ಹೇರಿದ ಟ್ರ್ಯಾಕ್ಟರಿಗೂ, ಮಾಳಿಗೆಯ ಮೇಲೆ ಕಬ್ಬಿಣದ ಪೈಪು ಎತ್ತುವವರಿಗೂ, ಜಾತ್ರೆಯಲ್ಲಿ ಎತ್ತರದ ಧ್ವಜ ಹಿಡಿಯುವವರಿಗೂ ಸಲ್ಲುತ್ತದೆ.

ಕಟ್ಟುವ ಕ್ರಮ

ಕೆಲಸಕ್ಕೆ ಬೇಕಾದವು ಪಾನಾ, ಒರೆಸುವ ಕಾಗದ, ತಾಮ್ರದ ಹೆಣೆದ ಪಟ್ಟಿ ಮತ್ತು 50 ಓಮ್ ಅಳತೆಯ ಕೇಬಲ್ಲು. ಮೊದಲು ಬುಡದ ಹಿಡಿಕೆ ಕೂಡುವಲ್ಲಿ ಏಣಿಯ ಬಣ್ಣವನ್ನು ಹೊಳೆಯುವ ಲೋಹ ಕಾಣುವವರೆಗೆ ಕೆರೆದು ತೆಗೆಯಬೇಕು. ಬಣ್ಣವು ವಿದ್ಯುತ್ತಿಗೆ ಗೋಡೆಯಿದ್ದಂತೆ. ಏಣಿಯು ಲೋಹದ್ದಾದರೂ ಅದನ್ನು ಫೈಬರ್ ಗ್ಲಾಸಿನ ಗೋಡೆಗೆ ಬಿಗಿದಿದ್ದರೆ ಗಾಡಿಯ ಕೆಳಗಿನ ಉಕ್ಕಿನ ಚೌಕಟ್ಟಿಗೂ ಅದಕ್ಕೂ ಸಂಬಂಧವಿರುವುದಿಲ್ಲ. ಆಗ ಹಿಡಿಕೆಯಿಂದ ಚೌಕಟ್ಟಿನವರೆಗೆ ಅಗಲವಾದ ತಾಮ್ರದ ಪಟ್ಟಿಯನ್ನು ಆದಷ್ಟು ಗಿಡ್ಡದಾಗಿ ಎಳೆದು ಬೋಲ್ಟಿನಿಂದ ಬಿಗಿಯಬೇಕು. ಅಜ್ಜನ ಚರಿಗೆಯ ನೀರು ಇದೇ.

ಅನಂತರ ಕೇಬಲ್ಲನ್ನು ಬಾಗಿಲ ಸಂದಿನಲ್ಲಿ ಜಜ್ಜದಂತೆ, ಚೂಪಾಗಿ ಮಡಿಸದಂತೆ ಒಳಕ್ಕೆ ಒಯ್ಯಬೇಕು. ಹೊರಗಿನ ಜೋಡಣೆಗೆ ನೀರು ಸೇರದಂತೆ ರಬ್ಬರಿನ ಪಟ್ಟಿ ಸುತ್ತಬೇಕು. ಕೇಬಲ್ಲಿನೊಳಗೆ ನೀರು ಹೊಕ್ಕರೆ ಮುಂದೆ ಅದು ಎಸೆಯಲಷ್ಟೇ ಯೋಗ್ಯ. ಕೊನೆಯಲ್ಲಿ ಗಟ್ಟಿಯಾಗಿ ಅಲುಗಾಡಿಸಿ ನೋಡಬೇಕು. ನಮ್ಮ ರಸ್ತೆಗಳು ಮರುದಿನ ಆ ಪರೀಕ್ಷೆಯನ್ನು ಹೇಗೂ ಮಾಡುತ್ತವೆ.

ಅಳೆದು ನೋಡುವುದು

ಹಗ್ಗದ ಒಂದು ತುದಿಯನ್ನು ಗೂಟಕ್ಕೆ ಕಟ್ಟಿ ಇನ್ನೊಂದು ತುದಿಯನ್ನು ಝಾಡಿಸಿದರೆ ಅಲೆಯು ಗೂಟದವರೆಗೆ ಹೋಗಿ ತಿರುಗಿ ಕೈಗೆ ಬರುತ್ತದೆ. ಹಾಗೆಯೇ ಏರಿಯಲ್ ಹೊಂದಿಕೆಯಾಗದಿದ್ದರೆ ಯಂತ್ರ ಕಳುಹಿಸಿದ ಶಕ್ತಿಯು ಹೊರಗೆ ಹೋಗದೆ ಹಿಂದಿರುಗುತ್ತದೆ. ಎಷ್ಟು ಹಿಂದಿರುಗಿತೆಂಬುದನ್ನು ಎಸ್.ಡಬ್ಲ್ಯೂ.ಆರ್. ಎಂಬ ಮೀಟರು ತೋರಿಸುತ್ತದೆ. ಅದರ ಮುಳ್ಳು 1ರಲ್ಲಿದ್ದರೆ ಏನೂ ಹಿಂದಿರುಗಲಿಲ್ಲವೆಂದು ಅರ್ಥ. 1.5ರಲ್ಲಿ ನೂರಕ್ಕೆ 4 ಪಾಲು, 2ರಲ್ಲಿ ಸುಮಾರು 11 ಪಾಲು, 3ರಲ್ಲಿ 25 ಪಾಲು ಹಿಂದಿರುಗುತ್ತದೆ. 2ರ ಒಳಗಿದ್ದರೆ ನಡೆಯುತ್ತದೆ. 3ನ್ನು ಮೀರಿದರೆ ಮಾತನಾಡಲು ಹೋಗಬಾರದು, ಯಂತ್ರಕ್ಕೇ ಕೆಡುಕು.

ಗಾಡಿಯನ್ನು ಮರ, ಗೋಡೆಗಳಿಲ್ಲದ ಬಯಲಿನಲ್ಲಿ ನಿಲ್ಲಿಸಿ, ಬಾಗಿಲು ಮುಚ್ಚಿ, 1ನೆಯ ಮತ್ತು 40ನೆಯ ಚಾನಲ್ಲುಗಳಲ್ಲಿ ಅಳೆಯಬೇಕು. 1ರಲ್ಲಿ ಹೆಚ್ಚು ಬಂದರೆ ಕಂಬಿ ಗಿಡ್ಡವಾಗಿದೆ. 40ರಲ್ಲಿ ಹೆಚ್ಚು ಬಂದರೆ ಉದ್ದವಾಗಿದೆ. ತುದಿಯ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ ಮತ್ತೆ ಅಳೆಯಬೇಕು. ಎಲ್ಲ ಚಾನಲ್ಲಿನಲ್ಲಿಯೂ ಹೆಚ್ಚೇ ಬಂದರೆ ದೋಷವು ಬಹುಶಃ ಕಂಬಿಯಲ್ಲಿಲ್ಲ, ತಳದಲ್ಲಿದೆ. ಬಹಳ ಜನರು ಆಗ ಹೊಸ ಕಂಬಿ ಕೊಳ್ಳುತ್ತಾರೆ. ಜಾಣನು ತಾಮ್ರದ ಪಟ್ಟಿಯ ಬೋಲ್ಟನ್ನು ಮೊದಲು ನೋಡುತ್ತಾನೆ.

ನಮ್ಮ ದೇಶದ ಮಾತು

ಇದನ್ನೋದಿ ಯಾರೂ ಪರದೇಶದಿಂದ ಯಂತ್ರ ತರಿಸಿ ಮಾತನಾಡಲು ತೊಡಗಬಾರದು. ನಮ್ಮಲ್ಲಿ 26.957ರಿಂದ 27.283 ಮೆಗಾಹರ್ಟ್ಸ್‌ವರೆಗೆ, 5 ವ್ಯಾಟ್ ಮೀರದ, ಏರಿಯಲ್ ತನ್ನಲ್ಲಿಯೇ ಉಳ್ಳ ಯಂತ್ರಕ್ಕೆ ಮಾತ್ರ ಲೈಸೆನ್ಸಿನ ವಿನಾಯಿತಿ ಇದೆ. ಹೊರಗೆ ಕಟ್ಟಿದ ಕಂಬಿಯು ಆ ವಿನಾಯಿತಿಗೆ ಸೇರದು. ಅಮೇರಿಕದ ಯಂತ್ರದ 27ನೆಯ ಚಾನಲ್ಲಿನಿಂದಾಚೆಯವು ಈ ಎಲ್ಲೆಯನ್ನೇ ದಾಟುತ್ತವೆ.

ಆದರೆ ಗಾಡಿಗೆ ಏರಿಯಲ್ ಕಟ್ಟಿ ಮಾತನಾಡುವ ರಾಜಮಾರ್ಗವೊಂದು ನಮ್ಮಲ್ಲಿಯೂ ಇದೆ. ಅದು ಹವ್ಯಾಸಿ ರೇಡಿಯೋ, ಎಂದರೆ ಹ್ಯಾಮ್. 12 ವರ್ಷ ತುಂಬಿದ ಯಾರಾದರೂ ಪರೀಕ್ಷೆಗೆ ಕೂತು, ಉತ್ತೀರ್ಣರಾಗಿ, ಸರಕಾರದ ಲೈಸೆನ್ಸ್ ಪಡೆಯಬಹುದು. ಹ್ಯಾಮ್‌ನವರು ಗಾಡಿಗಳಲ್ಲಿ ಹೆಚ್ಚಾಗಿ 144ರಿಂದ 146 ಮೆಗಾಹರ್ಟ್ಸ್ ಪಟ್ಟಿಯನ್ನು ಬಳಸುತ್ತಾರೆ. ಅಲ್ಲಿ ಅಲೆ ಗಿಡ್ಡ, ಆದುದರಿಂದ ಕಂಬಿಯೂ ಗಿಡ್ಡ. ಜೀಪಿನ ನೆತ್ತಿಯ ಮೇಲೆ ಮೊಳದುದ್ದದ ಕಂಬಿ ಸಾಕು.

ಇದು ಬರಿಯ ವಿನೋದವಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನಮ್ಮ ನೆರೆಯ ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ ಸಾವಿರಾರು ಜನರು ಮಣ್ಣುಪಾಲಾದರು. ಆ ಕಾಲದಲ್ಲಿ ಸುದ್ದಿ ಸಾಗಿಸುವ ಸೇವೆಗೆ ಹ್ಯಾಮ್‌ನವರೂ ನಿಂತರು. 2004ರ ಡಿಸೆಂಬರಿನ ಸುನಾಮಿಯ ಸಮಯದಲ್ಲಿ ಶ್ರೀಮತಿ ಭಾರತಿ ಪ್ರಸಾದ್ ಅವರ ತಂಡವು ಹ್ಯಾಮ್ ಪ್ರಸಾರಕ್ಕೆಂದೇ ಅಂಡಮಾನಿಗೆ ಹೋಗಿತ್ತು. ಉಳಿದ ದಾರಿಗಳು ಕಡಿದುಹೋದಾಗ ಆ ರೇಡಿಯೋದಿಂದಲೇ ದ್ವೀಪದ ಜನರ ಕ್ಷೇಮ ಸಮಾಚಾರವು ಹೊರಗೆ ಬಂದಿತು. ಮೊಬೈಲಿನ ಗೋಪುರ ಬಿದ್ದ ದಿನ ಸಣ್ಣ ಬ್ಯಾಟರಿಯೊಂದು, ಸರಿಯಾಗಿ ಕಟ್ಟಿದ ಕಂಬಿಯೊಂದು ಎಷ್ಟು ಮನೆಗಳಿಗೆ ಧೈರ್ಯ ಕೊಡಬಲ್ಲವೆಂಬುದನ್ನು ಇದರಿಂದ ಊಹಿಸಬಹುದು.

ಕಡೆಯ ಮಾತು

“ಕನ್ನಡ ಶಾಲೆಯಲ್ಲಿ ಓದಿದರೆ ವಿಜ್ಞಾನ ಹೇಗೆ ಬಂದೀತು, ಮಗ ದೂರ ಹೇಗೆ ಹೋದಾನು?” ಎಂದು ಕೆಲವು ಪಾಲಕರು ನಮ್ಮನ್ನು ಕೇಳುವುದುಂಟು. ಅವರ ಚಿಂತೆ ಸಹಜವಾದದ್ದು. ನಾವು ಅದನ್ನು ಹಗುರಾಗಿ ಎಣಿಸುವುದಿಲ್ಲ. ಮರಾಠಿ, ಹಿಂದಿ, ಇಂಗ್ಲಿಷು ಎಲ್ಲವೂ ನಮ್ಮ ಮಕ್ಕಳಿಗೆ ಬೇಕು. ಕಂಬಿ ಎಷ್ಟು ಉದ್ದವಾದರೂ ಒಳ್ಳೆಯದೇ. ಆದರೆ ಈ ಪಾಠದ ಲೆಕ್ಕವನ್ನೂ ಅಜ್ಜನ ಚರಿಗೆಯನ್ನೂ ನಾವು ಯಾವ ಭಾಷೆಯಲ್ಲಿ ತಿಳಿದುಕೊಂಡೆವೆಂಬುದನ್ನು ಒಮ್ಮೆ ವಿಚಾರಿಸಬೇಕು. ಪ್ರಶ್ನೆ ಕೇಳಿದ ಆ ಹುಡುಗನು ಅಂಜದೆ ಎದ್ದು ನಿಂತುದು ಅದು ಅವನ ಮನೆಯ ಮಾತಾಗಿದ್ದರಿಂದ. ಅವನಿಗೆ ಈ ವರ್ಷ 13 ತುಂಬಿದೆ. ಹ್ಯಾಮ್ ಪರೀಕ್ಷೆಗೆ ಕೂಡುವೆನೆಂದು ಹೇಳಿದ್ದಾನೆ. ಆ ಪರೀಕ್ಷೆಗೆ ಬೇಕಾದ ಇಂಗ್ಲಿಷನ್ನು ಸಂಜೆಯ ಹೊತ್ತು ಕಲಿಸಲು ನಾವು ಒಪ್ಪಿದ್ದೇವೆ. ಜೊತೆಗೆ ಕೂಡುವವರು ಶಾಲೆಗೆ ಬಂದು ಹೆಸರು ಕೊಡಬಹುದು.

ಅಭ್ಯಾಸ

1. 145 ಮೆಗಾಹರ್ಟ್ಸ್ ಅಲೆಯ ಕಾಲುಭಾಗದ ಉದ್ದವನ್ನು ಸೆಂಟಿಮೀಟರಿನಲ್ಲಿ ಕಂಡುಹಿಡಿಯಿರಿ.

2. 3.2 ಮೀಟರ್ ಎತ್ತರದ ಗಾಡಿಯ ನೆತ್ತಿಗೆ 1.5 ಮೀಟರಿನ ಕಂಬಿ ಕಟ್ಟಿದೆ. ಚಾಲಕನ ಮುಂದೆ ಯಾವ ಅಂಕಿಯನ್ನು ಬರೆದು ಅಂಟಿಸಬೇಕು?

3. 4 ವ್ಯಾಟಿನಲ್ಲಿ ನೂರಕ್ಕೆ 25 ಪಾಲು ಹಿಂದಿರುಗಿದರೆ ಹೊರಗೆ ಹೋದದ್ದು ಎಷ್ಟು?

4. ಮನೆಯಿಂದ ಶಾಲೆಯವರೆಗಿನ ದಾರಿಯಲ್ಲಿ ವಿದ್ಯುತ್ ತಂತಿ ಜೋತು ಬಿದ್ದ ಸ್ಥಳಗಳಿದ್ದರೆ ದೂರದಿಂದಲೇ ನೋಡಿ, ಬರೆದುಕೊಂಡು ಬನ್ನಿರಿ. ಆ ಯಾದಿಯನ್ನು ನಾವು ವಿದ್ಯುತ್ ಕಚೇರಿಗೆ ಕಳುಹಿಸುವೆವು.